ಹಲ್ಲು ಕಿತ್ತ ಗುಳಿಗೇ ನೋವಿನ ಮದ್ದು: ಮೂರು ದಿನದ ಲೆಕ್ಕ

ಹಲ್ಲು ಕೀಳುವ ಹೊತ್ತಿಗೆ ನೋವು ಗೊತ್ತಾಗುವುದಿಲ್ಲ. ಗೊತ್ತಾಗುವುದು ಇಂಜೆಕ್ಷನ್ನಿನ ಪ್ರಭಾವ ಇಳಿದ ಮೇಲೆ. ಅಡ್ರಿನಲಿನ್ ಬೆರೆತ ಶೇ. 2ರ ಲಿಡೊಕೇನ್ ಕೊಟ್ಟರೆ ತುಟಿ, ನಾಲಿಗೆ ಮರಗಟ್ಟಿರುವುದು 3ರಿಂದ 5 ಗಂಟೆ. ಅಷ್ಟರಲ್ಲಿ ಗುಳಿಯೊಳಗೆ ಉರಿಯೂತದ ಕೆಲಸ ಶುರುವಾಗಿರುತ್ತದೆ. ಪೆಟ್ಟು ತಿಂದ ಮೂಳೆ, ವಸಡುಗಳಲ್ಲಿ ನೋವು ಕೆರಳಿಸುವ ಬ್ರಾಡಿಕೈನಿನ್ ಬಿಡುಗಡೆಯಾಗುತ್ತದೆ, ಕಾಕ್ಸ್-2 ಎಂಬ ಕಿಣ್ವ ಹೊಸದಾಗಿ ತಯಾರಾಗಿ ನೋವು, ಊತ ಹೆಚ್ಚಿಸುವ ಪ್ರೋಸ್ಟಗ್ಲಾಂಡಿನ್ ಉತ್ಪತ್ತಿ ಏರುತ್ತದೆ. ಈ ಏರಿಕೆಗೆ ಕೆಲವು ಗಂಟೆ ಹಿಡಿಯುವುದರಿಂದ ಮರಗಟ್ಟುವಿಕೆ ಇಳಿಯುವುದೂ ಉರಿಯೂತ ಏರುವುದೂ ಒಟ್ಟಿಗೇ ಬೀಳುತ್ತವೆ. ಕೆಳದವಡೆಯ ಬುದ್ಧಿ ಹಲ್ಲು ತೆಗೆದವರಲ್ಲಿ ನೋವು ತುದಿ ಮುಟ್ಟುವುದು ಸುಮಾರು 6ರಿಂದ 8 ಗಂಟೆಯ ನಂತರ. ಮೊದಲ ದಿನ ಕಳೆದರೆ ಇಳಿಮುಖ. ಊತ ಮಾತ್ರ 48ರಿಂದ 72 ಗಂಟೆಯವರೆಗೆ ಏರಿ ಆಮೇಲೆ ತಗ್ಗುತ್ತದೆ.

ಗುಳಿಯಲ್ಲೇ ಮದ್ದು ಇಟ್ಟು ನಿಧಾನವಾಗಿ ಬಿಡುಗಡೆ ಮಾಡಿಸುವ ಯಾವ ಯೋಜನೆಯನ್ನಾದರೂ ಅಳೆಯಬೇಕಾದದ್ದು ಈ ಏರಿಳಿತದ ಪಕ್ಕದಲ್ಲಿಟ್ಟು. ಎರಡು ವಾರ ಒಂದೇ ಸಮನೆ ಮದ್ದು ಬಿಡುವ ಸಾಧನ ಪ್ರಯೋಗಾಲಯದ ಗ್ರಾಫಿನಲ್ಲಿ ಸೊಗಸಾಗಿ ಕಾಣುತ್ತದೆ. ಹಲ್ಲಿನ ಗುಳಿಗೆ ಅದು ಬೇಡ. ಇಲ್ಲಿ ಬೇಕಿರುವುದು ಮೊದಲ ದಿನ ಜೋರಾಗಿ, ಎರಡನೆಯ ದಿನ ಕಡಿಮೆಯಾಗಿ, ಮೂರನೆಯ ದಿನದ ಕೊನೆಗೆ ಬಹುತೇಕ ಮುಗಿದು, ರಕ್ತದ ಹೆಪ್ಪಿಗೆ ತನ್ನ ಪಾಡಿಗೆ ಮಾಗಲು ಬಿಡುವ ವ್ಯವಸ್ಥೆ. ಈ ಕ್ಷೇತ್ರದಲ್ಲಿ ಸೋತ ಎಷ್ಟೋ ಪ್ರಯತ್ನಗಳು ಮದ್ದಿನ ಬಗ್ಗೆ ಯೋಚಿಸಿದಷ್ಟು ಹೆಪ್ಪಿನ ಬಗ್ಗೆ ಯೋಚಿಸಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲೇ ಒಂದು ಮಾತು ಹೇಳಬೇಕು. ಹೆಚ್ಚಿನವರಿಗೆ ಮಾತ್ರೆಯೇ ಸಾಕು. ಐಬುಪ್ರೊಫೆನ್ 400 ಮಿ.ಗ್ರಾಂ., ಅದರ ಜೊತೆಗೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ.: ಈ ಜೋಡಿ ಹಲ್ಲು ಕಿತ್ತ ನೋವಿಗೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ನಿನ 2024ರ ಮಾರ್ಗಸೂಚಿ ಕೂಡ ಐಬುಪ್ರೊಫೆನ್ ಬಗೆಯ ಔಷಧಿಯನ್ನು, ಒಂಟಿಯಾಗಿ ಅಥವಾ ಪ್ಯಾರಾಸಿಟಮಾಲ್ ಜೊತೆ, ಮೊದಲ ಆಯ್ಕೆಯಾಗಿಟ್ಟಿದೆ, ಅಫೀಮು ವರ್ಗದ ಔಷಧಿಗಳನ್ನಲ್ಲ. ಹಾಗಾದರೆ ಗುಳಿಯಲ್ಲಿಡುವ ಮದ್ದು ಯಾರಿಗೆ? ಹೊಟ್ಟೆ ಹುಣ್ಣು ಇರುವವರು, ಮೂತ್ರಪಿಂಡ ದುರ್ಬಲವಾದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಐಬುಪ್ರೊಫೆನ್ ನುಂಗುವಂತಿಲ್ಲ. ಮೂಳೆ ಕೊರೆದು ತೆಗೆದ ಹೂತ ಬುದ್ಧಿ ಹಲ್ಲಿಗೆ ಪ್ಯಾರಾಸಿಟಮಾಲ್ ಒಂದೇ ಸಾಲುವುದಿಲ್ಲ. ನಿದ್ದೆಯಲ್ಲಿ ಮಾತ್ರೆಯ ಹೊತ್ತು ತಪ್ಪಿ, ನಡುರಾತ್ರಿ ನೋವಿಗೆ ಎಚ್ಚರವಾಗುವುದೂ ಸಾಮಾನ್ಯ. ನುಂಗಿದ 400 ಮಿ.ಗ್ರಾಂ. ಇಡೀ ದೇಹಕ್ಕೆ ಹಂಚಿಹೋಗುತ್ತದೆ, ನೋವಿರುವ ಗುಳಿಯ ಗಾತ್ರವಾದರೋ ಒಂದು ಮಿಲಿಲೀಟರಿನ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಅಲ್ಲೇ ಇಟ್ಟರೆ ಕೆಲವೇ ಮಿ.ಗ್ರಾಂ.ನಲ್ಲಿ ಕೆಲಸ ಆಗಬೇಕು, ರಕ್ತಕ್ಕೆ ಸೇರುವುದು ತೀರ ಕಡಿಮೆ ಇರಬೇಕು. ಲೆಕ್ಕ ಸರಿಯಾಗಿಯೇ ಇದೆ, ತೊಡಕಿರುವುದು ಅದನ್ನು ಬಾಯೊಳಗೆ ಸಾಧಿಸುವುದರಲ್ಲಿ.

ಅತ್ಯಂತ ಸರಳ ದಾರಿ ದೀರ್ಘಕಾಲದ ಅರಿವಳಿಕೆ. ಕಾರ್ಯ ಮುಗಿಯುವ ಹೊತ್ತಿಗೆ ಅಡ್ರಿನಲಿನ್ ಬೆರೆತ ಶೇ. 0.5ರ ಬುಪಿವಕೇನ್ ಚುಚ್ಚಿದರೆ ಮರಗಟ್ಟುವಿಕೆ 5ರಿಂದ 9 ಗಂಟೆ, ಕೆಲವರಲ್ಲಿ ಇನ್ನೂ ಹೆಚ್ಚು ನಿಲ್ಲುತ್ತದೆ. ನೋವಿನ ತುದಿ ಅದರಡಿಯಲ್ಲೇ ಕಳೆದುಹೋಗುತ್ತದೆ. ಇದಕ್ಕೆ ಹೊಸ ಸಾಧನವೇನೂ ಬೇಡ, ಇದನ್ನು ಇನ್ನೂ ಹೆಚ್ಚು ಬಳಸಬೇಕು ಎನ್ನುವವರ ಪೈಕಿ ನಾನೂ ಒಬ್ಬ. ದಂತ ಚಿಕಿತ್ಸೆಯಲ್ಲಿ ಒಂದು ಸಲಕ್ಕೆ 90 ಮಿ.ಗ್ರಾಂ. ಮೀರಬಾರದು, ಏಕೆಂದರೆ ಬುಪಿವಕೇನ್ ರಕ್ತಕ್ಕೆ ಹೆಚ್ಚಾಗಿ ಸೇರಿದರೆ ಹೃದಯದ ಬಡಿತವನ್ನೇ ಕೆಡಿಸುತ್ತದೆ.

ಅದರ ಮುಂದಿನ ಹೆಜ್ಜೆ ಲಿಪೊಸೋಮಿನೊಳಗೆ ತುಂಬಿದ ಬುಪಿವಕೇನ್. ಎಕ್ಸ್‌ಪಾರೆಲ್ ಎಂಬ ಹೆಸರಿನಲ್ಲಿ ಇದಕ್ಕೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೊಬ್ಬಿನ ಪದರದ ಸಣ್ಣ ಸಣ್ಣ ಕೋಣೆಗಳುಳ್ಳ ಕಣಗಳಲ್ಲಿ ಮದ್ದು ಇರುತ್ತದೆ, ಪದರ ಒಡೆದಂತೆಲ್ಲ ಹೊರಬರುತ್ತದೆ. ಒಂದು ಮಿಲಿಲೀಟರಿಗೆ 13.3 ಮಿ.ಗ್ರಾಂ., ವಯಸ್ಕರಿಗೆ ಒಟ್ಟು ಮಿತಿ 266 ಮಿ.ಗ್ರಾಂ. ಬಳಸುವವರು ತಪ್ಪುವುದು ಮದ್ದಿನಲ್ಲಲ್ಲ, ಅದನ್ನು ಹಿಡಿಯುವ ರೀತಿಯಲ್ಲಿ. ಬಾಟಲಿಯನ್ನು ಜೋರಾಗಿ ಕುಲುಕಿದರೆ ಕಣಗಳು ಹಾಳಾಗುತ್ತವೆ, ಮೆಲ್ಲಗೆ ಮಗುಚಿ ಮಗುಚಿ ಬೆರೆಸಬೇಕು. ಹೆಪ್ಪುಗಟ್ಟಿಸಿದರೆ ಬಿಸಾಡಬೇಕು. ಸೂಜಿ 25 ಗೇಜ್ ಅಥವಾ ಅದಕ್ಕಿಂತ ಅಗಲದ್ದಿರಬೇಕು, ಹಲ್ಲಿನ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ ಸಪೂರ ಸೂಜಿ ಇದಕ್ಕೆ ಹೊಂದುವುದಿಲ್ಲ. ತೆಳುವಾಗಿಸಲು ಸಲೈನ್ ಸರಿ, ಬರಿಯ ನೀರು ಸಲ್ಲ. ನೀರು ಒಳನುಗ್ಗಿ ಕಣಗಳು ಒಡೆಯುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ಲಿಡೊಕೇನ್. ಅದು ಲಿಪೊಸೋಮಿನಿಂದ ಬುಪಿವಕೇನನ್ನು ಒಮ್ಮೆಲೇ ಹೊರಗೆ ತಳ್ಳುತ್ತದೆ. ಲಿಡೊಕೇನ್ ಚುಚ್ಚಿದ ಜಾಗದಲ್ಲಿ ಕನಿಷ್ಠ 20 ನಿಮಿಷ ಬಿಟ್ಟೇ ಇದನ್ನು ಕೊಡಬೇಕು. ಹಲ್ಲು ಕೀಳಲು ಹೆಚ್ಚಿನವರಿಗೆ ಲಿಡೊಕೇನ್ ಕೊಟ್ಟಿರುತ್ತಾರಾದ್ದರಿಂದ ಇದು ಸಣ್ಣ ಸೂಚನೆಯಲ್ಲ. ಅವಸರ ಮಾಡಿದರೆ ಮೂರು ದಿನಕ್ಕೆಂದು ತಂದ ದುಬಾರಿ ಮದ್ದು ಮೊದಲ ದಿನವೇ ಸುರಿದುಹೋಗುತ್ತದೆ, ರಕ್ತದಲ್ಲಿ ಅದರ ಮಟ್ಟವೂ ಏರುತ್ತದೆ.

ಅರಿವಳಿಕೆ ಮದ್ದಿಗೆ ಇನ್ನೊಂದು ಮಿತಿಯಿದೆ, ಇದನ್ನು ಅಂಕಿಯಲ್ಲೇ ನೋಡುವುದು ಒಳ್ಳೆಯದು. ಬುಪಿವಕೇನಿನ ಪಿಕೆಎ, ಅಂದರೆ ಮದ್ದಿನ ಅರ್ಧ ಪಾಲು ವಿದ್ಯುದಂಶ ಹೊತ್ತಿರುವ ಪಿಎಚ್, 8.1. ನರದ ಪೊರೆ ದಾಟುವುದು ವಿದ್ಯುದಂಶವಿಲ್ಲದ ರೂಪ ಮಾತ್ರ. ಪಿಎಚ್ (ಆಮ್ಲೀಯತೆಯ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) 7.4 ಇರುವ ಆರೋಗ್ಯವಂತ ಅಂಗಾಂಶದಲ್ಲಿ ಆ ರೂಪ ಸುಮಾರು ಶೇ. 17ರಷ್ಟಿರುತ್ತದೆ. ಉರಿಯೂತದಿಂದ ಪಿಎಚ್ 6.9ಕ್ಕೆ ಇಳಿದರೆ ಶೇ. 6ಕ್ಕೆ ಕುಸಿಯುತ್ತದೆ. ಇಟ್ಟ ಮದ್ದು ಅಷ್ಟೇ ಇದ್ದರೂ ಕೆಲಸಕ್ಕೆ ಬರುವುದು ಮೂರನೆಯ ಒಂದು ಭಾಗ! ಎರಡನೆಯ ದಿನ ಗುಳಿಯಲ್ಲಿ ಮದ್ದು ಉಳಿದಿದ್ದರೂ ನೋವು ಕಾಣಿಸಿಕೊಳ್ಳುವುದಕ್ಕೆ ಇದೊಂದು ಕಾರಣ. ಬುಪಿವಕೇನ್ ಜೊತೆ ಉರಿಯೂತ ತಗ್ಗಿಸುವ ಮೆಲಾಕ್ಸಿಕ್ಯಾಮ್ ಸೇರಿಸಿದ ಜಿನ್‌ರೆಲೆಫ್ ಎಂಬ ಔಷಧಿಯ ಹಿಂದಿನ ತರ್ಕವೂ ಇದೇ. 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇದು ಪಾಲಿಆರ್ಥೊಎಸ್ಟರ್ ಎಂಬ ಪಾಲಿಮರಿನೊಳಗಿಂದ 72 ಗಂಟೆಯವರೆಗೆ ಕೆಲಸ ಮಾಡುತ್ತದೆ. ಆದರೆ ಅದು ಅನುಮತಿ ಪಡೆದದ್ದು ಕಾಲ್ಬೆರಳ ಗೆಣ್ಣು, ಹರ್ನಿಯಾ, ಮೊಣಕಾಲಿನಂಥ ಶಸ್ತ್ರಚಿಕಿತ್ಸೆಗೆ. ಅವೆಲ್ಲ ಹೊಲಿಗೆ ಹಾಕಿ ಮುಚ್ಚುವ ಗಾಯಗಳು. ಹಲ್ಲಿನ ಗುಳಿಗೆ ಬಾಗಿಲಿಲ್ಲ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಅದರ ಮೇಲೆ ಹರಿಯುತ್ತದೆ, ನಾಲಿಗೆ ತಡಕುತ್ತಲೇ ಇರುತ್ತದೆ. ಬೇರೆಡೆ ಗೆದ್ದ ಸಾಧನವನ್ನು ಹಾಗೇ ಇಲ್ಲಿಗೆ ತರಲಾಗದಿರುವುದು ಈ ಕಾರಣಕ್ಕೆ.

ಇನ್ನು ಗುಳಿಯೊಳಗೆ ಇಡುವ ವಾಹಕಗಳಿಗೆ ಬರೋಣ. ಜೆಲಾಟಿನ್ ಸ್ಪಂಜನ್ನು ಮದ್ದಿನ ದ್ರಾವಣದಲ್ಲಿ ಅದ್ದಿ ಇಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಸ್ಪಂಜು ಮದ್ದನ್ನು ಹೀರಿಕೊಳ್ಳುತ್ತದೆಯೇ ಹೊರತು ಹಿಡಿದಿಟ್ಟುಕೊಳ್ಳುವುದಿಲ್ಲ. ರಂಧ್ರಗಳಲ್ಲಿರುವ ದ್ರಾವಣ ರಕ್ತದೊಂದಿಗೆ ಬೆರೆತು ಕೆಲವು ಗಂಟೆಯಲ್ಲೇ ಖಾಲಿಯಾಗುತ್ತದೆ. ಸ್ಪಂಜು ಕರಗಲು 4ರಿಂದ 6 ವಾರ ತೆಗೆದುಕೊಂಡರೂ ಮದ್ದು ಅಷ್ಟು ದಿನ ಇರುತ್ತದೆಂದು ಅರ್ಥವಲ್ಲ. ಈ ಎರಡು ಕಾಲಾವಧಿಗಳನ್ನು ಒಂದೇ ಎಂದುಕೊಳ್ಳುವುದನ್ನು ಮೇಲಿಂದ ಮೇಲೆ ಕಾಣುತ್ತೇವೆ.

ಪೊಲೊಕ್ಸಮರ್ 407 ಎಂಬ ಪಾಲಿಮರ್ ಬಳಸಿದ ಜೆಲ್ ಇನ್ನೊಂದು ದಾರಿ. ತಣ್ಣಗಿದ್ದಾಗ ದ್ರವ, ಮೈಯ ಬಿಸಿಗೆ ಗಟ್ಟಿ. ತಯಾರಿಸುವುದು ಸುಲಭ: 4 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದ 80 ಗ್ರಾಂ ನೀರಿಗೆ 20 ಗ್ರಾಂ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸುತ್ತ ಕಲಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಡಬೇಕು. ಬಿಸಿ ನೀರಿಗೆ ಹಾಕಿದರೆ ಹೊರಪದರ ಜೆಲ್ಲಾಗಿ ಒಳಗೆ ಒಣಪುಡಿಯ ಗಂಟು ಉಳಿಯುತ್ತದೆ. ಮರುದಿನ ಗುಳ್ಳೆಯಿಲ್ಲದ ತಿಳಿ ದ್ರಾವಣ ಸಿಕ್ಕಬೇಕು. ಜೆಲ್ಲಾಗುವ ಉಷ್ಣತೆ ನೋಡಲು ಸಣ್ಣ ಶೀಷೆಯನ್ನು ನೀರಿನಲ್ಲಿಟ್ಟು ಒಂದೊಂದೇ ಡಿಗ್ರಿ ಏರಿಸುತ್ತ ಓರೆ ಮಾಡಿ ನೋಡಿ. ಹರಿಯದೆ ನಿಂತ ಡಿಗ್ರಿಯೇ ಅದು. ಶೇ. 20ರ ದ್ರಾವಣ ಬೆಚ್ಚಗಿನ ಕೋಣೆಯಲ್ಲಿ ಸಿರಿಂಜಿನೊಳಗೇ ಗಟ್ಟಿಯಾಗಿ ಕೈಕೊಡುತ್ತದೆ, ಆದ್ದರಿಂದ ಸಿರಿಂಜನ್ನು ಮಂಜುಗಡ್ಡೆಯ ಮೇಲಿಟ್ಟಿರಬೇಕು. ದೊಡ್ಡ ತೊಂದರೆ ಗುಳಿಯೊಳಗೆ ಕಾದಿರುತ್ತದೆ. ಒಂದು ಮಿಲಿಲೀಟರ್ ಜೆಲ್ಲಿಗೆ 0.4 ಮಿಲಿಲೀಟರ್ ರಕ್ತ ಬೆರೆತರೆ ಸಾಂದ್ರತೆ ಶೇ. 14ರ ಆಸುಪಾಸಿಗೆ ಇಳಿಯುತ್ತದೆ, ಅಷ್ಟರಲ್ಲಿ 37 ಡಿಗ್ರಿಯಲ್ಲೂ ಅದು ಜೆಲ್ಲಾಗಿ ನಿಲ್ಲುವುದಿಲ್ಲ. ಬರಿಯ ಪೊಲೊಕ್ಸಮರ್ ಒಂದೆರಡು ದಿನ ನಿಲ್ಲುವುದೇ ಕಷ್ಟ. ಕೈಟೊಸಾನ್‌ನಂಥ ಅಂಟು ಸ್ವಭಾವದ ಪಾಲಿಮರ್ ಜೊತೆಗಿದ್ದರೆ ಪರಿಸ್ಥಿತಿ ಸ್ವಲ್ಪ ಸುಧಾರಿಸುತ್ತದೆ.

ನಿಜವಾಗಿ ಮದ್ದನ್ನು ತಡೆಹಿಡಿಯುವುದು ಮೈಯೊಳಗೆ ನಿಧಾನವಾಗಿ ಕರಗುವ ಪಿಎಲ್‌ಜಿಎಯಂಥ ಪಾಲಿಮರಿನ ಸೂಕ್ಷ್ಮ ಗೋಳಗಳು. ವಸಡಿನ ರೋಗಕ್ಕೆ ಇವು ಹಳೆಯ ಪರಿಚಿತರು: ಅರೆಸ್ಟಿನ್‌ನಲ್ಲಿ ಇದೇ ಬಗೆಯ ಗೋಳಗಳೊಳಗೆ 1 ಮಿ.ಗ್ರಾಂ. ಮಿನೊಸೈಕ್ಲಿನ್ ಎಂಬ ಪ್ರತಿಜೀವಕ ಇರುತ್ತದೆ, ಪೆರಿಯೊಚಿಪ್‌ನಲ್ಲಿ ಜೆಲಾಟಿನ್ ತುಣುಕಿನೊಳಗೆ 2.5 ಮಿ.ಗ್ರಾಂ. ಕ್ರಿಮಿನಾಶಕ ಕ್ಲೋರ್‌ಹೆಕ್ಸಿಡಿನ್. ನೋವಿನ ಮದ್ದಿಗೆ ಸಾಮಾನ್ಯ ವಿಧಾನ ಹೀಗೆ. 1 ಗ್ರಾಂ ಪಾಲಿಮರ್ ಮತ್ತು 200 ಮಿ.ಗ್ರಾಂ. ಬುಪಿವಕೇನ್ ಬೇಸ್ ಅನ್ನು 10 ಮಿಲಿಲೀಟರ್ ಡೈಕ್ಲೋರೊಮೀಥೇನಿನಲ್ಲಿ ಕರಗಿಸಿ, ಶೇ. 1ರ ಪಾಲಿವಿನೈಲ್ ಆಲ್ಕೊಹಾಲ್ ಇರುವ 200 ಮಿಲಿಲೀಟರ್ ನೀರಿಗೆ ಕಲಕುತ್ತ ಸುರಿದು, ದ್ರಾವಕ ಆರುವವರೆಗೆ ಮೂರ್ನಾಲ್ಕು ಗಂಟೆ ಕಲಕುತ್ತಿದ್ದರೆ ಗೋಳಗಳು ಗಟ್ಟಿಯಾಗುತ್ತವೆ. ತೊಳೆದು, ಶೀತದಲ್ಲಿ ಒಣಗಿಸಿ ತೆಗೆಯುವುದು. ಕಾಗದದ ಮೇಲೆ ಮದ್ದಿನ ಪಾಲು ಶೇ. 16.7. ಕೈಗೆ ಸಿಗುವುದು ಅದಕ್ಕಿಂತ ಕಡಿಮೆ, ಏಕೆಂದರೆ ಒಂದಷ್ಟು ನೀರಿಗೆ ಸೋರಿಹೋಗುತ್ತದೆ. ಬೇಸ್ ಬದಲು ಹೈಡ್ರೊಕ್ಲೋರೈಡ್ ಲವಣ ಹಾಕಿದವರಿಗೆ ಬಹುಪಾಲು ಸೋರಿಹೋಗುತ್ತದೆ. ಅದು ನೀರಿನಲ್ಲಿ ಕರಗುವ ರೂಪ. ಹೊರಗಿನ ನೀರನ್ನು ಸ್ವಲ್ಪ ಕ್ಷಾರೀಯವಾಗಿಟ್ಟರೆ ಬೇಸ್ ಒಳಗೇ ಉಳಿಯುತ್ತದೆ. ಐಬುಪ್ರೊಫೆನ್ ಆಮ್ಲವಾದ್ದರಿಂದ ಅದಕ್ಕೆ ತದ್ವಿರುದ್ಧ, ನೀರು ಆಮ್ಲೀಯವಾಗಿರಬೇಕು. ಉಳಿದ ಡೈಕ್ಲೋರೊಮೀಥೇನ್ 600 ಪಿಪಿಎಂ ಮೀರಬಾರದೆಂಬುದು ಅಂತಾರಾಷ್ಟ್ರೀಯ ಮಿತಿ. ಕ್ರಿಮಿಶುದ್ಧಿಗೆ ಬಿಸಿ ಹಬೆಯ ಆಟೊಕ್ಲೇವ್ ಬಳಸಿದರೆ ಗೋಳಗಳು ಕರಗಿ ಮುದ್ದೆಯಾಗುತ್ತವೆ. 25 ಕಿಲೋಗ್ರೇ ಗಾಮಾ ಕಿರಣ ಬಳಸಬಹುದು, ಆದರೆ ಅದು ಪಾಲಿಮರಿನ ಸರಪಳಿಗಳನ್ನು ತುಂಡರಿಸಿ ಬಿಡುಗಡೆಯ ವೇಗ ಬದಲಾಯಿಸುತ್ತದೆ. ಹೀಗಾಗಿ ಬಿಡುಗಡೆಯ ಪರೀಕ್ಷೆಯನ್ನು ಕಿರಣ ಹಾಯಿಸಿದ ಮೇಲಿನ ಮಾದರಿಯ ಮೇಲೇ ಮಾಡಬೇಕು.

ಗೋಳದ ಮೇಲ್ಮೈಗೆ ಅಂಟಿರುವ ಮದ್ದು ಮೊದಲ ಗಂಟೆಗಳಲ್ಲೇ ಒಮ್ಮೆಲೇ ಹೊರಬೀಳುತ್ತದೆ. ಔಷಧ ವಿಜ್ಞಾನದಲ್ಲಿ ಇದನ್ನು ದೋಷವೆಂದೇ ನೋಡುವ ವಾಡಿಕೆ. ಹಲ್ಲಿನ ಗುಳಿಯಲ್ಲಿ, ಅಳತೆ ಮೀರದಿದ್ದರೆ, ಇದು ವರ. ನೋವಿನ ತುದಿಯೂ ಅದೇ ಹೊತ್ತಿಗಿದೆ. ನಿಜವಾದ ಅಡಚಣೆ ಬಾಲದ ಕಡೆಗೆ. ಲ್ಯಾಕ್ಟೈಡ್, ಗ್ಲೈಕೊಲೈಡ್ ಸಮಪಾಲಿನ ಪಿಎಲ್‌ಜಿಎ ಪೂರ್ತಿ ಕರಗಲು ಒಂದೆರಡು ತಿಂಗಳು ಬೇಕು. ನೋವು ಮುಗಿದು ವಾರಗಳಾದ ಮೇಲೂ ಪಾಲಿಮರ್ ಚೂರುಗಳು ಅಲ್ಲೇ ಕುಳಿತು ಲ್ಯಾಕ್ಟಿಕ್ ಆಮ್ಲ ಬಿಡುತ್ತಿರುತ್ತವೆ. ಕಡಿಮೆ ಅಣುತೂಕದ ಪಾಲಿಮರನ್ನು, ಗುಳಿಗೆ ಕೆಲವೇ ಹತ್ತು ಮಿ.ಗ್ರಾಂ.ನಷ್ಟು ಮಾತ್ರ, ಬೇಗ ಕರಗುವ ಕೊಲಾಜೆನ್ ಸ್ಪಂಜಿನೊಳಗೆ ಚದುರಿಸಿಡುವುದು ಸದ್ಯಕ್ಕೆ ಹೆಚ್ಚು ಒಪ್ಪುವ ರಚನೆ ಎನ್ನಿಸುತ್ತದೆ.

ಬಿಡುಗಡೆ ಅಳೆಯುವ ಪ್ರಯೋಗದ ಬಗ್ಗೆ ಎಚ್ಚರ ಬೇಕು. ಪಿಎಚ್ 7.4ರ ಬಫರ್, 37 ಡಿಗ್ರಿ, ನಿಮಿಷಕ್ಕೆ 50 ಸುತ್ತು, ಧಾರಾಳ ದ್ರವ, ಆಗಾಗ 1 ಮಿಲಿಲೀಟರ್ ತೆಗೆದು ಅಷ್ಟೇ ಹೊಸದು ಹಾಕುವುದು. ಸಾಮಾನ್ಯವಾಗಿ ಇಷ್ಟೇ ಮಾಡುತ್ತಾರೆ. ಗುಳಿಯಲ್ಲಿ ಇಷ್ಟು ದ್ರವವಿಲ್ಲ, ಕಲಕುವವರಿಲ್ಲ, ಹೆಪ್ಪಿನ ಪ್ರೋಟೀನು ಮದ್ದನ್ನು ಹಿಡಿದುಕೊಳ್ಳುತ್ತದೆ, ಪಿಎಚ್ ಕೂಡ ಬೇರೆ. ಪ್ರಯೋಗಾಲಯದಲ್ಲಿ 24 ಗಂಟೆಗೆ ಖಾಲಿಯಾದದ್ದು ಬಾಯಲ್ಲಿ ಹೆಚ್ಚು ಹೊತ್ತು ಬರಬಹುದು, ಜೊಲ್ಲಿಗೆ ಕೊಚ್ಚಿಹೋಗಿ ಇನ್ನೂ ಬೇಗ ಮುಗಿಯಲೂಬಹುದು. ಕಡಿಮೆ ದ್ರವದಲ್ಲಿ, ಸೀರಮ್ ಸೇರಿಸಿ, ಪಿಎಚ್ 6.8ರಲ್ಲೂ ಒಮ್ಮೆ ಅಳೆದರೆ ಚಿತ್ರ ನಿಜಕ್ಕೆ ಹತ್ತಿರವಾಗುತ್ತದೆ.

ಇಡುವ ಕ್ರಮದಲ್ಲಿ ಗೆಲುವು ಸೋಲಿನ ಅರ್ಧ ಅಡಗಿದೆ. ಹಲ್ಲು ಬಂದ ಮೇಲೆ ಬೇರಿನ ತುದಿಯ ರೋಗಗ್ರಸ್ತ ಅಂಗಾಂಶ ಕೆರೆದು, ಮೂಳೆ ಕೊರೆದಿದ್ದರೆ ಪುಡಿಯೆಲ್ಲ ಹೋಗುವಂತೆ ಸಲೈನಿನಲ್ಲಿ ತೊಳೆಯಬೇಕು. ಕೆಳದವಡೆಯಾದರೆ ಗುಳಿಯ ತಳದಲ್ಲಿ ನರ ಬಯಲಾಗಿದೆಯೇ ನೋಡಬೇಕು. ಬಯಲಾಗಿದ್ದರೆ ಮದ್ದು ಇಡುವುದನ್ನು ಅಲ್ಲಿಗೇ ಕೈಬಿಡಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಸಾಂದ್ರ ಅರಿವಳಿಕೆ ನರಕ್ಕೆ ನೇರವಾಗಿ ತಾಗಿ ಕೂರುವುದು ಅಪಾಯ. ರಕ್ತಸ್ರಾವ ತಡೆಯಲು ಬಳಸುವ ಆಕ್ಸಿಡೈಸ್ಡ್ ಸೆಲ್ಯುಲೋಸ್ ಕೂಡ ಆಮ್ಲೀಯವಾದ್ದರಿಂದ ಬಯಲಾದ ನರದ ಮೇಲೆ ಸಲ್ಲದು. ರಕ್ತ ಜೋರಾಗಿ ಬರುತ್ತಿದ್ದಾಗ ಇಟ್ಟರೆ ಮದ್ದು ಮೊದಲ ಹತ್ತು ನಿಮಿಷದಲ್ಲೇ ಗಾಜ್ ಬಟ್ಟೆಗೆ ಸೇರುತ್ತದೆ. ಒತ್ತಿ ಹಿಡಿದು ಜಿನುಗುವ ಮಟ್ಟಕ್ಕೆ ಬಂದ ಮೇಲೆ ಇಡಬೇಕು. ಒಣ ಚಿಮುಟದಲ್ಲೇ ಹಿಡಿಯಬೇಕು, ಒದ್ದೆ ಕೈಗವಸಿಗೆ ಸ್ಪಂಜು ಅಂಟಿ ಹರಿಯುತ್ತದೆ. ಗುಳಿಯ ಕೆಳಗಿನ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಒಣ ಸ್ಪಂಜು ರಕ್ತ ಕುಡಿದು ಹಿಗ್ಗುತ್ತದೆ, ಅಂಚಿನವರೆಗೆ ಒತ್ತಿ ತುಂಬಿದರೆ ಹಿಗ್ಗಿದ ಒತ್ತಡವೇ ನೋವಾಗುತ್ತದೆ, ಮೇಲೆ ಹೆಪ್ಪು ಕೂರಲು ಜಾಗವೂ ಇರುವುದಿಲ್ಲ. ಆಮೇಲೆ ಎಂಟರ ಆಕಾರದ ಹೊಲಿಗೆ, 30ರಿಂದ 45 ನಿಮಿಷ ಗಾಜ್ ಕಚ್ಚಿಸುವುದು. 24 ಗಂಟೆ ಬಾಯಿ ಮುಕ್ಕಳಿಸಬಾರದು, ಸ್ಟ್ರಾ ಬೇಡ, ಕನಿಷ್ಠ ಮೂರು ದಿನ ಬೀಡಿ ಸಿಗರೇಟು ಮುಟ್ಟಬಾರದು.

ಈಗ ಹೆಪ್ಪಿನ ಮಾತು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ನೋವು ಇಳಿಯುವ ಬದಲು ಏರಿ, ಕಿವಿಯವರೆಗೆ ಹರಡಿ, ಬಾಯಿ ನಾರತೊಡಗಿದರೆ ಅದು ಡ್ರೈ ಸಾಕೆಟ್. ಹೆಪ್ಪು ಕರಗಿ ಮೂಳೆ ಬರಿದಾಗಿರುತ್ತದೆ. ಅದಕ್ಕೆ ಲವಂಗದ ಎಣ್ಣೆಯ ಮುಖ್ಯ ಅಂಶವಾದ ಯೂಜಿನಾಲ್ ಇರುವ ಪಟ್ಟಿ ಇಡುವುದು ಹಳೆಯ, ಪರಿಣಾಮಕಾರಿ ಚಿಕಿತ್ಸೆ. ನಿಮಿಷಗಳಲ್ಲಿ ನೋವು ತಗ್ಗುತ್ತದೆ. ಆದರೆ ಅದೇ ಪಟ್ಟಿಯನ್ನು ಮುನ್ನೆಚ್ಚರಿಕೆಯೆಂದು ಹೊಸ ಗುಳಿಗೆ ತುಂಬುವುದು ತಪ್ಪು. ಯೂಜಿನಾಲ್ ಜೀವಕೋಶಗಳಿಗೆ ಕಟು, ಹೆಪ್ಪು ಕೂರಬೇಕಾದ ಜಾಗದಲ್ಲಿ ಅದು ಕೂತುಬಿಡುತ್ತದೆ. ಸತು ಆಕ್ಸೈಡ್ ಬೆರೆತ ಪಟ್ಟಿ ಕರಗುವುದೂ ಇಲ್ಲ, ನೆನಪಿಟ್ಟು ತೆಗೆಯಬೇಕು. ಪೆಟ್ರೋಲಿಯಂ ಜೆಲ್ಲಿಯ ತಳಹದಿಯ ಟೆಟ್ರಾಸೈಕ್ಲಿನ್ ಮುಲಾಮನ್ನು ಗುಳಿಗೆ ತುಂಬಿದ ಕಡೆ ಮಯೊಸ್ಫೆರುಲೋಸಿಸ್ ಎಂಬ ಗಂಟು ಬೆಳೆದದ್ದು ದಾಖಲಾಗಿದೆ. ಮದ್ದು ನಿರಪಾಯಕಾರಿಯಾಗಿದ್ದರೂ ವಾಹಕ ಕೆಡಿಸಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಮದ್ದಿನಿಂದಲೇ ಬರುವ ಹಾನಿಯೂ ಅವಧಿಯ ಜೊತೆ ಏರುತ್ತದೆ. ಬುಪಿವಕೇನ್ ಸಾಂದ್ರತೆ ಮತ್ತು ಸಮಯ ಎರಡೂ ಹೆಚ್ಚಿದಂತೆ ವಸಡು, ಮೂಳೆ ಕಟ್ಟುವ ಕೋಶಗಳು ಸಾಯುತ್ತವೆ. ಐಬುಪ್ರೊಫೆನ್ ಬಗೆಯವು ತಡೆಯುವ ಪ್ರೋಸ್ಟಗ್ಲಾಂಡಿನ್ ಮೂಳೆ ಬೆಳೆಯಲೂ ಬೇಕು. ಎರಡು ಮೂರು ದಿನಕ್ಕೆ ಚಿಂತೆಯಿಲ್ಲ, ಮೂರು ವಾರಕ್ಕೆ ಇದೆ. ಗುಳಿಗೆ ಇಡುವ ಪ್ರಮಾಣ ಚಿಕ್ಕದೆಂದು ಅಲರ್ಜಿ ವಿಚಾರಿಸದೆ ಬಿಡುವಂತಿಲ್ಲ. ಆಸ್ಪಿರಿನ್ ತಿಂದರೆ ಉಬ್ಬಸ ಬರುವವರಿಗೆ ಐಬುಪ್ರೊಫೆನ್ ಜೆಲ್ಲೂ ಬೇಡ. ಹಾಗೆಯೇ, ಮನೆಯಲ್ಲಿ ಆಸ್ಪಿರಿನ್ ಮಾತ್ರೆಯನ್ನು ಗಾಯದ ಪಕ್ಕ ಅದುಮಿಡುವುದನ್ನು ದಯವಿಟ್ಟು ಮಾಡಬೇಡಿ. ವಸಡು ಬೆಳ್ಳಗಾಗಿ ಸುಟ್ಟು ಸುಲಿಯುತ್ತದೆ, ನೋವು ಎರಡಾಗುತ್ತದೆ. ಲವಂಗದ ಎಣ್ಣೆಯನ್ನು ನೇರವಾಗಿ ಹೊಸ ಗುಳಿಗೆ ಸುರಿಯುವುದೂ ಬೇಡ.

ಹೊಸ ಉತ್ಪನ್ನದ ಫಲಿತಾಂಶ ಓದುವಾಗ ಮೂರು ಕಡೆ ಕಣ್ಣಿಡುತ್ತೇನೆ. ಹೋಲಿಕೆಗೆ ಮದ್ದಿಲ್ಲದ ಅದೇ ವಾಹಕ ಇಟ್ಟಿದ್ದರೇ, ಅಥವಾ ಖಾಲಿ ಗುಳಿ ಮಾತ್ರವೇ? ಸ್ಪಂಜು ಒಂದೇ ಹೆಪ್ಪನ್ನು ನಿಲ್ಲಿಸಿ ನೋವು ತಗ್ಗಿಸಬಲ್ಲದು. ಎರಡನೆಯದು, ಬೇಕಾದಾಗ ನುಂಗಲು ಕೊಟ್ಟ ಮಾತ್ರೆಗಳನ್ನು ಎಣಿಸಿದ್ದರೇ? ನೋವಾದವರು ಮಾತ್ರೆ ನುಂಗಿಬಿಡುವುದರಿಂದ ನೋವಿನ ಅಂಕ ಎರಡೂ ಗುಂಪಿನಲ್ಲಿ ಸಮನಾಗಿ ಕಾಣುತ್ತದೆ. ಮೊದಲ ಮಾತ್ರೆ ಎಷ್ಟು ಗಂಟೆಗೆ ಬೇಕಾಯಿತು, ಮೂರು ದಿನಕ್ಕೆ ಒಟ್ಟು ಎಷ್ಟು ಎಂಬುದೇ ಹೆಚ್ಚು ನಂಬಬಹುದಾದ ಅಳತೆ. ಮೂರನೆಯದು, ಒಬ್ಬರದೇ ಬಾಯಲ್ಲಿ ಬಲಕ್ಕೆ ಮದ್ದು, ಎಡಕ್ಕೆ ಖಾಲಿ ಎಂದು ಒಂದೇ ದಿನ ಮಾಡಿದ್ದರೇ? ಹಾಗಿದ್ದರೆ ಬಲಗಡೆಯಿಂದ ರಕ್ತಕ್ಕೆ ಸೇರಿದ ಮದ್ದು ಎಡಗಡೆಯ ನೋವನ್ನೂ ತಗ್ಗಿಸಿರಬಹುದು.

ಅರಿವಳಿಕೆ ಇಟ್ಟು ಕಳಿಸುವವರು ಮದ್ದಿನ ಹೆಸರು, ಮಿ.ಗ್ರಾಂ. ಮತ್ತು ಇಟ್ಟ ಗಂಟೆಯನ್ನು ಬರೆದೇ ಕೊಡಬೇಕು. ಮಾಮೂಲಿ ಇಂಜೆಕ್ಷನ್ ಆಗಿದ್ದರೆ ಮರುದಿನವೂ ತುಟಿ ಮರಗಟ್ಟಿದ್ದರೆ ನರಕ್ಕೆ ಪೆಟ್ಟಾಗಿದೆಯೆಂದು ತಕ್ಷಣ ಅನುಮಾನ ಬರುತ್ತದೆ. ನಿಧಾನ ಬಿಡುಗಡೆಯ ಮದ್ದಿದ್ದರೆ ಆ ಸುಳಿವು ಮೂರು ದಿನ ಮುಚ್ಚಿಹೋಗುತ್ತದೆ. ಆ ಅವಧಿಯಲ್ಲಿ ಬಿಸಿ ಪದಾರ್ಥ ಬೇಡ, ಮರಗಟ್ಟಿದ ಕಡೆಯಿಂದ ಅಗಿಯುವುದೂ ಬೇಡ, ತುಟಿ, ಕೆನ್ನೆ ಕಚ್ಚಿಹೋದದ್ದು ಗೊತ್ತಾಗುವುದಿಲ್ಲ. 72 ಗಂಟೆ ದಾಟಿದ ಮೇಲೂ ತುಟಿ ಅಥವಾ ಗಲ್ಲದಲ್ಲಿ ಸ್ಪರ್ಶ ಮರಳದಿದ್ದರೆ, ಜ್ವರ ಬಂದರೆ, ನುಂಗಲು ಅಥವಾ ಬಾಯಿ ತೆರೆಯಲು ಕಷ್ಟವಾಗುತ್ತ ಹೋದರೆ, ಅದೇ ದಿನ ಆ ಚೀಟಿ ಹಿಡಿದು ದಂತವೈದ್ಯರ ಬಳಿಗೆ ಹೋಗಬೇಕು.